ಕರೆಂಟ್ ಹೋದ ರಾತ್ರಿ

ಪಾರಿವಾಳವನ್ನು ಕತ್ತಲಲ್ಲಿ ಯಾಕೆ ಹಾರಿಸಬೇಕು ಅಂತ ನಮ್ಮ ಮನೆಯಲ್ಲೇ ಕೇಳುತ್ತಾರೆ. ಬೆಂಗಳೂರಿನಲ್ಲಿ ನಮ್ಮ ತಾರಸಿ ಮೇಲೆ ಇರುವುದು ಹೈ ಫ್ಲೈಯರ್‌ಗಳು. ಹೋಮರ್‌ನ ಹಾಗೆ ದೂರದ ಊರಲ್ಲಿ ಬಿಟ್ಟು ಬಂದರೆ ಮನೆ ಹುಡುಕಿಕೊಂಡು ಬರುವ ಜಾತಿ ಅಲ್ಲ, ಮನೆ ಮೇಲೆಯೇ ಚುಕ್ಕಿಯಷ್ಟು ಎತ್ತರದಲ್ಲಿ ಗಂಟೆಗಟ್ಟಲೆ ಸುತ್ತುವ ಜಾತಿ. ಬೆಳಗ್ಗೆ ಬಿಟ್ಟ ಒಳ್ಳೆ ಹಕ್ಕಿ ಕೆಲವೊಮ್ಮೆ ಸಂಜೆಯಾದರೂ ಇಳಿಯುವುದಿಲ್ಲ. ಪಾರಿವಾಳದ ಕಣ್ಣು ಹಗಲಿಗೆ ಮಾಡಿದ್ದು. ಕತ್ತಲಾದರೆ ಸಿಕ್ಕಿದ ಕಡೆ ಕೂರುತ್ತದೆ, ಆಮೇಲೆ ಬೆಕ್ಕಿಗೋ ಗೂಬೆಗೋ ಸಿಗುತ್ತದೆ. ಆ ಭಯಕ್ಕೇ ನಾನು ರಾತ್ರಿ ಇಳಿಯುವುದನ್ನು ಕಲಿಸುವುದು.

ಅಮೆರಿಕದ ಸೇನೆಯವರು ಫೋರ್ಟ್ ಮನ್ಮತ್‌ನಲ್ಲಿ ರಾತ್ರಿ ಸಂದೇಶ ಒಯ್ಯುವುದಕ್ಕೂ ಪಾರಿವಾಳ ಪಳಗಿಸಿದ್ದರು, 1957ರಲ್ಲಿ ಅವರ ಪಾರಿವಾಳ ವಿಭಾಗವೇ ಮುಚ್ಚಿತು. ನನಗೆ ಅಷ್ಟೆಲ್ಲ ಬೇಡ. ಮೇಲೆ ಹೋದದ್ದು ಕೆಳಗೆ ಬಂದರೆ ಸಾಕು.

ಮರಿಗೆ ಎರಡು ತಿಂಗಳಾದಾಗ ಶುರು ಮಾಡುತ್ತೇನೆ. ಮೊದಲ ಎರಡು ವಾರ ಹೊಟ್ಟೆ ತುಂಬಾ ಕಾಳು ಸಿಗುವುದು ಸಂಜೆ, ಗೂಡಿನ ಬಲ್ಬಿನ ಕೆಳಗೆ ಮಾತ್ರ. ಡಬ್ಬ ಅಲ್ಲಾಡಿಸುವ ಸದ್ದು, ಬೆಳಕು, ಸಜ್ಜೆ, ಈ ಮೂರೂ ಒಂದೇ ಅಂತ ಅದರ ತಲೆಯಲ್ಲಿ ಕೂರಬೇಕು. ಆಮೇಲೆ ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ಹಸಿದ ಹೊಟ್ಟೆಯಲ್ಲಿ ಬಿಡುವುದು, ದಿನಕ್ಕೆ ಐದೈದು ನಿಮಿಷ ತಡ ಮಾಡುತ್ತಾ ಹೋಗುವುದು. ಐದು ನಿಮಿಷ ಕಡಿಮೆ ಅನಿಸಬಹುದು, ಆದರೆ ನಮ್ಮ ಕಡೆ ಸೂರ್ಯ ಮುಳುಗಿ ಇಪ್ಪತ್ತು-ಇಪ್ಪತ್ತೈದು ನಿಮಿಷಕ್ಕೆಲ್ಲ ಕತ್ತಲೆ ಕವಿಯುತ್ತದೆ. ಮೊದಲ ಸಲ ಪೂರ್ತಿ ಕತ್ತಲಿಗೆ ಬಿಡುವುದು ಹುಣ್ಣಿಮೆ ಹತ್ತಿರ ಇರುವಾಗಲೇ, ಅಂದು ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಬಂದಿರುತ್ತಾನೆ. ದೀಪ ಇಳಿಯುವ ಹಲಗೆ ಮೇಲೆ ಬೀಳಬೇಕು, ಹಕ್ಕಿಯ ಕಣ್ಣಿಗೆ ಹೊಡೆಯಬಾರದು. ಕೊನೆಗೆ ಬಿಳಿ ಲಕ್ಕಗಳನ್ನು ದೀಪದಡಿ ಬಿಡುತ್ತೇನೆ. ಲಕ್ಕ ಅಂದರೆ ಬೀಸಣಿಗೆಯಂಥ ಬಾಲದ ಪಾರಿವಾಳ, ಬೆಳಕಲ್ಲಿ ರೆಕ್ಕೆ ಬಡಿದರೆ ಮೇಲಿನಿಂದ ಚೆನ್ನಾಗಿ ಕಾಣುತ್ತದೆ, ಹಾರುವ ಹಕ್ಕಿಗೆ ಅದೇ ಇಳಿಯುವ ಸನ್ನೆ. ಬೇರೆ ಹೊತ್ತಲ್ಲಿ ಅವನ್ನು ಹೊರಗೆ ತೋರಿಸುವುದೇ ಇಲ್ಲ.

ಹೋದ ಏಪ್ರಿಲ್‌ನಲ್ಲಿ ಏಳು ಹಕ್ಕಿ ಹೀಗೆ ತಯಾರಾಗಿದ್ದವು. ಆವತ್ತು ಏಳು ಗಂಟೆ ದಾಟಿತ್ತು. ನಾನು ದೀಪ ಹಾಕಿ ಲಕ್ಕ ಬಿಟ್ಟೆ, ಹಕ್ಕಿಗಳು ಸುತ್ತು ಚಿಕ್ಕದು ಮಾಡುತ್ತಾ ಕೆಳಗೆ ಬರುತ್ತಿದ್ದವು, ರೆಕ್ಕೆಯ ಸದ್ದು ಕೇಳುವಷ್ಟು ಹತ್ತಿರ. ಆಗ ಜೋರಾಗಿ ಗಾಳಿ ಬೀಸಿತು, ಇಡೀ ಬೀದಿಯ ಕರೆಂಟ್ ಹೋಯಿತು.

ಅರ್ಧ ನಿಮಿಷಕ್ಕೆ ಹಿಂದಿನ ರಸ್ತೆಯ ಅಪಾರ್ಟ್‌ಮೆಂಟ್‌ನ ಜನರೇಟರ್ ಶುರುವಾಯಿತು. ಸುತ್ತ ಕಪ್ಪು, ಅದೊಂದೇ ಕಟ್ಟಡ ಝಗ್ಗನೆ ಬೆಳಗುತ್ತಿತ್ತು. ಹಕ್ಕಿಗಳು ಅತ್ತ ತಿರುಗಿದವು. ನನ್ನ ಎದೆ ಧಸಕ್ಕೆಂದಿತು. ಬೆಳಕಿದ್ದ ಕಡೆ ಇಳಿ ಅಂತ ಎರಡು ತಿಂಗಳು ಕಲಿಸಿದವನು ನಾನೇ ಅಲ್ವಾ, ಅವು ಕಲಿತದ್ದನ್ನೇ ಮಾಡುತ್ತಿದ್ದವು.

ಮನೆಗೆ ಯುಪಿಎಸ್ ಇದೆ, ಗೂಡಿನ ಲೈನ್ ಅದಕ್ಕೆ ಕೊಟ್ಟಿರಲಿಲ್ಲ. ಕೆಳಗೆ ಓಡಿ ಅಡುಗೆಮನೆಯ ಪ್ಲಗ್ಗಿನಿಂದ ಎಕ್ಸ್‌ಟೆನ್ಷನ್ ಎಳೆದೆ. ಅಮ್ಮ ಮೆಟ್ಟಿಲ ಮೇಲೆ ನಿಂತು ವೈರ್ ಬಿಡಿಸಿ ಬಿಡಿಸಿ ಕೊಟ್ಟರು. ಬಲ್ಬ್ ಹತ್ತಿಸಿ ಡಬ್ಬ ಅಲ್ಲಾಡಿಸಿದೆ, ಸೀಟಿ ಹೊಡೆದೆ, ಕೈ ನೋಯುವ ತನಕ ಅಲ್ಲಾಡಿಸುತ್ತಲೇ ಇದ್ದೆ. ಒಂದು ಬಂತು. ಹಿಂದೆಯೇ ನಾಲ್ಕು. ಆರನೆಯದು ಬಟ್ಟೆ ಒಣಗಿಸುವ ತಂತಿಗೆ ತಾಗಿ ಬಿತ್ತು, ರೆಕ್ಕೆಯ ಹತ್ತಿರ ಸ್ವಲ್ಪ ರಕ್ತ. ಆ ತಂತಿಯನ್ನು ನಾನು ಮೊದಲೇ ಬಿಚ್ಚಬೇಕಿತ್ತು.

ಏಳನೆಯದು ಬೂದಿ ಹೆಣ್ಣು. ಬರಲೇ ಇಲ್ಲ. ಅಪಾರ್ಟ್‌ಮೆಂಟ್ ಕಾವಲುಗಾರರನ್ನು ಕೇಳಿಕೊಂಡು ಮೇಲೆ ಹೋದೆ. ನೀರಿನ ಟ್ಯಾಂಕಿನ ಅಂಚಲ್ಲಿ ಮುದುಡಿ ಕೂತಿತ್ತು. ನಾಲ್ಕು ಹೆಜ್ಜೆ ಹತ್ತಿದರೆ ಕೈಗೆ ಸಿಗುತ್ತಿತ್ತೇನೋ, ಆದರೆ ಗಾಬರಿಯಲ್ಲಿ ಹಾರಿದರೆ ಕತ್ತಲಲ್ಲಿ ಎಲ್ಲಿಗೆ ಅಂತ ಹೋಗುತ್ತದೆ? ಸುಮ್ನೆ ದೂರ ಕೂತೆ. ಹನ್ನೊಂದರ ತನಕ ಬೆಕ್ಕು ಬರದ ಹಾಗೆ ನೋಡಿಕೊಂಡು ವಾಪಸ್ ಬಂದೆ. ನಿದ್ದೆ ಹತ್ತಲಿಲ್ಲ.

ಬೆಳಗ್ಗೆ ಆರೂಕಾಲಿಗೆ ಗೂಡಿನ ಬಾಗಿಲ ಮುಂದೆ ಬೂದಿ ನಿಂತಿತ್ತು. ನೀರು ಕುಡಿಯಿತು, ತುಂಬಾ ಹೊತ್ತು ಕುಡಿಯಿತು.

ಆವತ್ತೇ ಎಲೆಕ್ಟ್ರಿಷಿಯನ್ ಕರೆಸಿ ಗೂಡಿನ ಲೈನ್ ಯುಪಿಎಸ್‌ಗೆ ಹಾಕಿಸಿದೆ, ತಂತಿ ಬಿಚ್ಚಿದೆ. ಬೂದಿಯನ್ನು ಒಂದು ವಾರ ಮೇಲೆ ಬಿಡಲಿಲ್ಲ. ಎಂಟನೇ ಸಂಜೆ ಬಿಟ್ಟೆ, ಮೇನ್ ಸ್ವಿಚ್ ನಾನೇ ಆಫ್ ಮಾಡಿ. ಬಲ್ಬ್ ಒಮ್ಮೆ ಮಿಣುಕಿ ಹಾಗೇ ಉರಿಯಿತು. ಏಳೂ ಹತ್ತಕ್ಕೆ ಬೂದಿ ಬಂದು ಲಕ್ಕದ ಪಕ್ಕ ಇಳಿಯಿತು.