ಮಾಣಿಯ ಕೈಯಿಂದ ಕಮೂ ಕಸಿದುಕೊಂಡೆ

ಕಾದಂಬರಿ ಕೆಲಸ, ಐದನೇ ತಿಂಗಳು. ಹೋದ ತಿಂಗಳು 28,000 ಪದ ಇತ್ತು. ಈಗ 22,000. ಹೌದು, ಇಳಿದಿದೆ.

ಕಥೆ 1942ರ ಮುಂಬಯಿಯ ಮಾಟುಂಗದ್ದು. ಉಡುಪಿ ಕಡೆಯ ಹುಡುಗನೊಬ್ಬ ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಾನೆ, ರಾತ್ರಿ ಶಾಲೆಗೆ ಹೋಗುತ್ತಾನೆ. ಎಲ್ಲರೂ ಕರೆಯುವುದು ಮಾಣಿ ಅಂತಲೇ, ನಾನೂ ಬೇರೆ ಹೆಸರಿಟ್ಟಿಲ್ಲ. ಯಾರ ಜೊತೆಗೂ ಬೆರೆಯದ ಹುಡುಗ. ಈ ಬದುಕು ಯಾತಕ್ಕೆ ಅನ್ನೋದೇ ಅವನ ತಲೆನೋವು.

ಆರನೇ ಅಧ್ಯಾಯದಲ್ಲಿ ಅವನಿಗೆ ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂ ಸಿಗುತ್ತಾನೆ. ಇರಾನಿ ಹೋಟೆಲಿನ ಮೇಜಿನ ಮೇಲೆ ಯಾರೋ ಮರೆತು ಹೋದ ಕಮೂ ಕಾದಂಬರಿ 'ದಿ ಔಟ್‌ಸೈಡರ್'. ಬರೆದು ಮುಗಿಸಿದ ದಿನ ನನಗೇ ಭಾರೀ ಹೆಮ್ಮೆ. ಗೆಳೆಯನಿಗೆ ಓದಲು ಕೊಟ್ಟೆ. "ಮಾರಾಯ, ಅದು ಇಂಗ್ಲಿಷಿಗೆ ಬಂದದ್ದು ಯಾವಾಗ?" ಅಂದ.

ನೋಡಿದರೆ, 1942ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾದದ್ದು ಫ್ರೆಂಚ್ ಮೂಲ. ಆಗ ಆ ಊರು ಜರ್ಮನರ ಕೈಯಲ್ಲಿತ್ತು. ಇಂಗ್ಲಿಷ್ ಬಂದದ್ದು 1946ರಲ್ಲಿ. 1942ರದೇ ಅವನ ಇನ್ನೊಂದು ಪುಸ್ತಕ, ಗ್ರೀಕ್ ಪುರಾಣದ ಬಂಡೆ ಉರುಳಿಸುವ ಸಿಸಿಫಸ್‌ನದು, ಇಂಗ್ಲಿಷಿಗೆ ಬರುವಾಗ 1955. ಅಷ್ಟರಲ್ಲಿ ಮಾಣಿ ಸ್ವಂತ ಹೋಟೆಲೇ ಇಟ್ಟಿರುತ್ತಿದ್ದ! 6,000 ಪದ ಅಳಿಸಿದೆ. ಎರಡು ವಾರ ಕಡತ ತೆರೆಯಲೇ ಇಲ್ಲ.

ಆಮೇಲೊಂದು ಭಾನುವಾರ ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಮಾಟುಂಗಕ್ಕೆ ಹೋದೆ, ರಾಮ ನಾಯಕರ ಬೋರ್ಡಿಂಗಿನಲ್ಲಿ ಊಟಕ್ಕೆ. ಅದೂ ಶುರುವಾದದ್ದು 1942ರಲ್ಲೇ. ಬಾಳೆ ಎಲೆ ಮುಂದೆ ಕೂತಾಗ ಅನ್ನಿಸಿತು: ಆ ವರ್ಷ ಈ ಬೀದಿಯ ಹುಡುಗನೊಬ್ಬನಿಗೆ ಬದುಕಿನ ಅರ್ಥ ಹೇಳುವವರು ಯಾರಿದ್ದರು? ಮೊದಲು ಹೊಳೆದದ್ದು ಅಡುಗೆ ಭಟ್ರು.

ಈಗ ಆರನೇ ಅಧ್ಯಾಯ ಪೂರ್ತಿ ಅಡುಗೆಮನೆಯಲ್ಲೇ ನಡೆಯುತ್ತದೆ. ಭಟ್ರು ಮಾಧ್ವರು. ಜಗತ್ತು ಮಾಯೆಯಲ್ಲ, ಸತ್ಯ. ಹರಿಯೊಬ್ಬನೇ ಸ್ವತಂತ್ರ, ಉಳಿದದ್ದೆಲ್ಲ ಪರತಂತ್ರ. ಮಾಣಿಗೆ ಇದು ಹಿಡಿಸುತ್ತದೆ. ದಿನಕ್ಕೆ ನೂರಾರು ತಟ್ಟೆ ತೊಳೆಯುವವನಿಗೆ ಜಗತ್ತು ಸುಳ್ಳು ಅಂದರೆ ಸಿಟ್ಟು ಬರೋದಿಲ್ವಾ? ಆದರೆ ಊಟಕ್ಕೆ ಬರುವ ಪರೇಲಿನ ಬಟ್ಟೆ ಗಿರಣಿಯ ಕೆಲಸಗಾರನೊಬ್ಬ ಇದ್ದಾನೆ, ಕಮ್ಯುನಿಸ್ಟ್. ಅವನು ನಗುತ್ತಾನೆ: "ಇಲ್ಲಿ ಸ್ವತಂತ್ರ ಗಲ್ಲಾದ ಮೇಲೆ ಕೂತ ಧಣಿ ಮಾತ್ರ. ಮಿಕ್ಕವರೆಲ್ಲ ಪರತಂತ್ರ. ನಿನ್ನ ಭಟ್ರನ್ನೂ ಸೇರಿಸಿ."

ಈ ಒಂದು ಮಾತು ಸಿಕ್ಕಿದ್ದೇ ತಡ, ಬರವಣಿಗೆ ಓಡಿತು. ಒಂದೇ ಶಬ್ದವನ್ನು ಇಬ್ಬರೂ ಎಳೆದಾಡುತ್ತಾರೆ, ನಡುವೆ ಹುಡುಗ. ಕಮೂ ಇದ್ದಾಗ ಇದು ಇರಲಿಲ್ಲ. ಆಗ ಮಾಣಿ ಸುಮ್ನೆ ಕಿಟಕಿ ಹೊರಗೆ ನೋಡುತ್ತಾ ನಿಲ್ಲುತ್ತಿದ್ದ, ನನ್ನ ಹಾಗೆ.

ಈ ವಾರದ ತೊಡಕು ಆಗಸ್ಟ್ 8. ಸಂಜೆ ಗೋವಾಲಿಯಾ ಟ್ಯಾಂಕ್‌ನಲ್ಲಿ ಗಾಂಧಿಯ ಕ್ವಿಟ್ ಇಂಡಿಯಾ ಭಾಷಣ. ಮಾಣಿ ಅಲ್ಲಿರಬೇಕು ಅಂತ ನನ್ನ ಆಸೆ. ಕಮ್ಯುನಿಸ್ಟ್ ಪಕ್ಷದ ಮೇಲಿನ ನಿಷೇಧ ತೆಗೆದು ಆಗಿನ್ನೂ ಕೆಲವೇ ವಾರ, ಪಕ್ಷ ಕ್ವಿಟ್ ಇಂಡಿಯಾಗೆ ವಿರೋಧ. ಹಾಗಾಗಿ ಗಿರಣಿಯವನು ಹೋಗಬೇಡ ಅನ್ನುತ್ತಾನೆ. ಭಟ್ರು ಹರಿಯಿಚ್ಛೆ ಅನ್ನುತ್ತಾರೆ. ಇಷ್ಟೆಲ್ಲ ಬರೆದ ಮೇಲೆ ಕ್ಯಾಲೆಂಡರ್ ನೋಡಿದೆ. ಅವತ್ತು ಶನಿವಾರ! ಶನಿವಾರ ಸಂಜೆ ಯಾವ ಧಣಿ ರಜೆ ಕೊಡುತ್ತಾನೆ?

ಸದ್ಯಕ್ಕೆ ಮಾಣಿ ತಟ್ಟೆ ತೊಳೆಯುವ ಮೋರಿಯಲ್ಲೇ ಇದ್ದಾನೆ. ತಟ್ಟೆಗಳು ಬರುತ್ತಲೇ ಇವೆ.