ಡಿಸ್ಕ್ ಬಂತು, ಗುರುತು ಬರಲಿಲ್ಲ: ವಿಎಂ ಸ್ಥಳಾಂತರದಲ್ಲಿ ಎಸ್‌ಎಂಬಯಾಸ್

ವಿಎಂವೇರ್‌ನಲ್ಲಿದ್ದ ವಿಎಂ (ವರ್ಚುವಲ್ ಯಂತ್ರ, ಅಂದರೆ ಸಾಫ್ಟ್‌ವೇರ್ ಕಟ್ಟಿದ ಕಂಪ್ಯೂಟರ್) ಅನ್ನು ಲಿನಕ್ಸ್‌ನ ಕೆವಿಎಂಗೆ ತಂದರೆ ಬೂಟ್ ಚೆನ್ನಾಗಿಯೇ ಆಗುತ್ತದೆ. ಒಳಗಿನ ಸಾಫ್ಟ್‌ವೇರ್ ಮಾತ್ರ ಲೈಸೆನ್ಸ್ ಇಲ್ಲ ಎಂದು ಕೂರುತ್ತದೆ. ಅದು ಯಂತ್ರವನ್ನು ಗುರುತಿಸಲು ನೋಡುವ ಸೀರಿಯಲ್ ನಂಬರ್, ಯುಯುಐಡಿ (ಪ್ರತಿ ಯಂತ್ರಕ್ಕೂ ಬೇರೆಯಾದ ಉದ್ದನೆಯ ಗುರುತು ಸಂಖ್ಯೆ), ತಯಾರಕರ ಹೆಸರು ಇವ್ಯಾವೂ ಡಿಸ್ಕ್‌ನಲ್ಲಿ ಇರುವುದಿಲ್ಲ. ವಿಎಂ ಓಡಿಸುವ ಸಾಫ್ಟ್‌ವೇರ್, ಅಂದರೆ ಹೈಪರ್‌ವೈಸರ್, ಪ್ರತಿ ಸಲ ಬೂಟ್ ಆಗುವಾಗ ಕಟ್ಟಿಕೊಡುವ ಎಸ್‌ಎಂಬಯಾಸ್ ಟೇಬಲ್‌ನಲ್ಲಿ (ಯಂತ್ರದ ಗುರುತಿನ ಪಟ್ಟಿಯಲ್ಲಿ) ಇರುತ್ತವೆ. ಅದರಲ್ಲಿ ಟೈಪ್ 0 ಬಯಾಸ್, 1 ಸಿಸ್ಟಂ, 2 ಮದರ್‌ಬೋರ್ಡ್, 3 ಕ್ಯಾಬಿನೆಟ್. ಜಗಳ ಬರುವುದು ಹೆಚ್ಚಾಗಿ ಟೈಪ್ 1ರಲ್ಲೇ.

ಹಳೆಯ ವಿಎಂ ಆಫ್ ಮಾಡುವ ಮುಂಚೆ ಅದರೊಳಗೆ ಹೋಗಿ, ರೂಟ್ ಆಗಿ (ಅಡ್ಮಿನ್ ಅಧಿಕಾರದಲ್ಲಿ) ಈ ಟೇಬಲ್ ತೋರಿಸುವ ಡಿಎಂಐಡಿಕೋಡ್ ಕಮಾಂಡ್ ಓಡಿಸಿ, ಟೈಪ್ 1 ಪೂರ್ತಿ ಬರೆದಿಟ್ಟುಕೊಳ್ಳಿ. ವಿಎಂವೇರ್‌ನ ಸೆಟ್ಟಿಂಗ್‌ಗಳಿರುವ ವಿಎಂಎಕ್ಸ್ ಫೈಲ್‌ನಿಂದ ಯುಯುಐಡಿ ನಕಲು ಮಾಡಬೇಡಿ, ಅಲ್ಲೇ ಎಡವುವುದು. ಎಸ್‌ಎಂಬಯಾಸ್ 2.6ರಿಂದ ಈಚೆಗೆ ಯುಯುಐಡಿಯ ಮೊದಲ ಮೂರು ಭಾಗಗಳ ಬೈಟ್‌ಗಳನ್ನು ತಿರುಗಿಸಿ ಓದುತ್ತಾರೆ. ಫೈಲ್‌ನಲ್ಲಿ 12345678-1234-5678 ಎಂಬ ಕ್ರಮದಲ್ಲಿ ಶುರುವಾಗುವ ಬೈಟ್‌ಗಳು ಒಳಗೆ 78563412-3412-7856 ಎಂದು ಕಾಣಬಹುದು. ಹಳೆಯ ಹಾರ್ಡ್‌ವೇರ್ ವರ್ಷನ್ ಆದರೆ ತಿರುಗದೆಯೂ ಇರಬಹುದು. ಗೆಸ್ಟ್‌ಗೆ (ವಿಎಂ ಒಳಗಿನ ಓಎಸ್‌ಗೆ) ಏನು ಕಂಡಿತ್ತೋ ಅದೇ ಪ್ರಮಾಣ.

ಕೆವಿಎಂನ ವಿಎಂಗಳನ್ನು ನಿರ್ವಹಿಸುವ ಲಿಬ್‌ವರ್ಟ್‌ನಲ್ಲಿ, ವಿಎಂನ ಎಕ್ಸ್‌ಎಂಎಲ್ ವಿವರಣೆಯಲ್ಲಿ ಬರೆಯಬೇಕಾದ್ದು ಎರಡು ಕಡೆ. ಸಿಸ್‌ಇನ್ಫೋ ಬ್ಲಾಕ್‌ನಲ್ಲಿ ಮೌಲ್ಯಗಳು; ಓಎಸ್ ಬ್ಲಾಕ್‌ನೊಳಗೆ ಎಸ್‌ಎಂಬಯಾಸ್ ಮೋಡ್ 'ಸಿಸ್‌ಇನ್ಫೋ' ಎಂಬ ಒಂದು ಸಾಲು. ಎರಡನೆಯದು ಮರೆತರೆ ಎರರ್ ಬರುವುದಿಲ್ಲ, ಬರೆದದ್ದೆಲ್ಲ ಸುಮ್ಮನೆ ನೀರಿಗೆ ಹೋಗುತ್ತದೆ. ಯುಯುಐಡಿ ವಿಷಯದಲ್ಲಿ ಮಾತ್ರ ಲಿಬ್‌ವರ್ಟ್ ಕಟ್ಟುನಿಟ್ಟು: ಡೊಮೇನ್‌ನ (ಲಿಬ್‌ವರ್ಟ್ ವಿಎಂ ಅನ್ನು ಕರೆಯುವುದು ಹೀಗೆ) ಯುಯುಐಡಿಗೂ ಸಿಸ್‌ಇನ್ಫೋದಲ್ಲಿ ಕೊಟ್ಟಿದ್ದಕ್ಕೂ ತಾಳೆಯಾಗದಿದ್ದರೆ ಒಪ್ಪುವುದೇ ಇಲ್ಲ. ಲಿಬ್‌ವರ್ಟ್ ಬಿಟ್ಟು, ವಿಎಂ ಓಡಿಸುವ ಕ್ಯೂಇಎಂಯು ಕಮಾಂಡ್ ಅನ್ನೇ ನೇರವಾಗಿ ಬರೆಯುವವರು, ತಯಾರಕರ ಹೆಸರಿನಲ್ಲಿ ಅಲ್ಪವಿರಾಮ ಇದ್ದರೆ ಅದನ್ನು ಎರಡು ಸಲ ಒತ್ತಬೇಕು. ಇಲ್ಲದಿದ್ದರೆ ಅದರ ಮುಂದಿನದನ್ನು ಹೊಸ ಆಪ್ಷನ್ ಎಂದುಕೊಳ್ಳುತ್ತದೆ.

ವರ್ಚುವಲ್‌ಬಾಕ್ಸ್‌ನಲ್ಲಿ ಅದರ ಕಮಾಂಡ್ ಆದ ವಿಬಾಕ್ಸ್‌ಮ್ಯಾನೇಜ್‌ನ ಸೆಟ್‌ಎಕ್ಸ್‌ಟ್ರಾಡೇಟಾ ಬಳಸಬೇಕು. ಅದಕ್ಕೆ ಕೊಡುವ ಕೀಯ (ಸೆಟ್ಟಿಂಗ್ ಹೆಸರಿನ) ದಾರಿಯಲ್ಲಿ 'ಪಿಸಿಬಯಾಸ್' ಎಂದಿರುತ್ತದೆ. ವಿಎಂ ಹಳೆಯ ಬಯಾಸ್ ಬದಲು ಇಎಫ್‌ಐನಲ್ಲಿ ಬೂಟ್ ಆಗುವುದಾದರೆ ಆ ಜಾಗದಲ್ಲಿ 'ಇಎಫ್‌ಐ' ಬರಬೇಕು. ಅಂತರ್ಜಾಲದಿಂದ ನಕಲು ಮಾಡಿದ ಕಮಾಂಡ್ 'ಕೆಲಸ ಮಾಡಲಿಲ್ಲ' ಎನ್ನುವವರು ಮೊದಲು ನೋಡಬೇಕಾದ್ದು ಇದನ್ನೇ. ಇನ್ನೊಂದು ತೊಡಕು: ಸೀರಿಯಲ್ ಬರೀ ಅಂಕಿಯಾಗಿದ್ದರೆ, ಉದಾಹರಣೆಗೆ 40712, ವರ್ಚುವಲ್‌ಬಾಕ್ಸ್ ಅದನ್ನು ಸಂಖ್ಯೆ ಎಂದುಕೊಂಡು ವಿಎಂ ಶುರುವಾಗಲು ಬಿಡುವುದಿಲ್ಲ. ಮೌಲ್ಯದ ಮುಂದೆ 'ಸ್ಟ್ರಿಂಗ್' ಮತ್ತು ಒಂದು ಕೋಲನ್ ಸೇರಿಸಿದರೆ ತೊಂದರೆ ನಿಲ್ಲುತ್ತದೆ.

ಮೈಕ್ರೋಸಾಫ್ಟ್‌ನ ಹೈಪರ್-ವಿಯಲ್ಲಿ ಮ್ಯಾನೇಜರ್ ಕಿಟಕಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಬಯಾಸ್ ಸೀರಿಯಲ್, ಬಯಾಸ್ ಜಿಯುಐಡಿ (ಯುಯುಐಡಿಯ ಇನ್ನೊಂದು ಹೆಸರು), ಕ್ಯಾಬಿನೆಟ್‌ನ ಅಸೆಟ್ ಟ್ಯಾಗ್ ಬದಲಿಸಲು ವಿಂಡೋಸ್‌ನ ನಿರ್ವಹಣಾ ವ್ಯವಸ್ಥೆಯಾದ ಡಬ್ಲ್ಯುಎಂಐ ಮೂಲಕವೇ ಹೋಗಬೇಕು. ವಿಎಂವೇರ್ ಒಳಗೇ ಫೋಲ್ಡರ್ ಬದಲಿಸುತ್ತಿದ್ದರೆ, 'ಮೂವ್ ಮಾಡಿದಿರೋ ಕಾಪಿ ಮಾಡಿದಿರೋ' ಎಂದು ಕೇಳಿದಾಗ ಕಾಪಿ ಎಂದರೆ ಹೊಸ ಯುಯುಐಡಿ ಬಂದುಬಿಡುತ್ತದೆ. ವಿಎಂಎಕ್ಸ್‌ನಲ್ಲಿ ಯುಯುಐಡಿ ಆ್ಯಕ್ಷನ್ 'ಕೀಪ್' ಎಂದಿಟ್ಟರೆ ಈ ಪ್ರಶ್ನೆಯೇ ಏಳುವುದಿಲ್ಲ.

ಇಷ್ಟು ಮಾಡಿದ ಮಾತ್ರಕ್ಕೆ ವಿಎಂ ಅಸಲಿ ಯಂತ್ರವಾಗಿ ಕಾಣುವುದಿಲ್ಲ. ಸಿಪಿಯುಐಡಿಯಲ್ಲಿ (ಸಿಪಿಯು ತನ್ನ ಬಗ್ಗೆ ಹೇಳುವ ಮಾಹಿತಿಯಲ್ಲಿ) ಇದು ವಿಎಂ ಎಂದು ತಿಳಿಸುವ ಹೈಪರ್‌ವೈಸರ್ ಬಿಟ್ ಹಾಗೇ ಇರುತ್ತದೆ. ಕ್ಯೂಇಎಂಯುನ ಎಸಿಪಿಐ ಟೇಬಲ್‌ಗಳಲ್ಲಿ (ಓಎಸ್‌ಗೆ ಹಾರ್ಡ್‌ವೇರ್ ವಿವರಿಸುವ ಪಟ್ಟಿಗಳಲ್ಲಿ) 'ಬಾಕ್ಸ್' (BOCHS) ಎಂಬ ಓಇಎಂ, ಅಂದರೆ ತಯಾರಕರ, ಹೆಸರೂ ಇರುತ್ತದೆ. ಗುರುತು ಉಳಿಸಿಕೊಳ್ಳುವವರಿಗೆ ಅದರ ಗೊಡವೆ ಬೇಡ.

ಬದಲಾವಣೆ ಆದಮೇಲೆ ಗೆಸ್ಟ್ ಒಳಗಿನಿಂದ ರೀಬೂಟ್ ಮಾಡಿದರೆ ಸಾಲದು. ವಿಎಂ ಪೂರ್ತಿ ಆರಿಸಿ, ಮತ್ತೆ ಆನ್ ಮಾಡಿ, ಬರೆದಿಟ್ಟುಕೊಂಡ ಟೈಪ್ 1ರ ಜೊತೆ ಸಾಲು ಸಾಲಾಗಿ ತಾಳೆ ನೋಡಿ. ಹಳೆಯ ವಿಎಂ ಆಮೇಲೆ ಆನ್ ಆಗಬಾರದು. ಒಂದೇ ಯುಯುಐಡಿಯ ಎರಡು ಯಂತ್ರ ಎದ್ದರೆ ಬ್ಯಾಕಪ್ ಸಾಫ್ಟ್‌ವೇರ್ ಎರಡನ್ನೂ ಒಂದೇ ಎಂದುಕೊಳ್ಳಬಹುದು.