ಬಿಎಂಐ ನೋಡಿ ಮಗುವಿನ ದಮ್ಮು ಹೇಳಲಾಗದು

ಮಕ್ಕಳ ಎತ್ತರ, ತೂಕ ಬರೆದುಕೊಂಡು ಬಿಎಂಐ (ಕೆಜಿಯಲ್ಲಿನ ತೂಕವನ್ನು ಮೀಟರ್‌ನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) ಲೆಕ್ಕ ಹಾಕಿ, ಅಷ್ಟರ ಮೇಲೇ ‘ಫಿಟ್’, ‘ಅನ್‌ಫಿಟ್’ ಎಂದು ಷರಾ ಬರೆಯುವುದು ಮಕ್ಕಳಿಗೆ ಮಾಡುವ ಅನ್ಯಾಯ. ಬಿಎಂಐ ಮೈಯ ಗಾತ್ರವನ್ನಷ್ಟೇ ಹೇಳುತ್ತದೆ. ದಮ್ಮು, ಕಸುವು ಎಷ್ಟಿದೆಯೆಂದು ಓಡಿಸಿ, ಹಾರಿಸಿಯೇ ನೋಡಬೇಕು.

ಗಾತ್ರದ ಅಳತೆಯಾದರೂ ಸರಿಯಿರಬೇಕಲ್ಲ? 10 ವರ್ಷದ ಹುಡುಗ, 36 ಕೆಜಿ ತೂಕ, 140 ಸೆಂ.ಮೀ. ಎತ್ತರ ಎಂದುಕೊಳ್ಳಿ. ಬಿಎಂಐ 18.4. ಅವನೇ ಮಂಡಿ ಸಡಿಲಿಸಿ ಕುಗ್ಗಿ ನಿಂತು 138 ಎಂದು ದಾಖಲಾದರೆ 18.9. ವಿಶ್ವ ಆರೋಗ್ಯ ಸಂಸ್ಥೆಯ 2007ರ ಕೋಷ್ಟಕದಲ್ಲಿ ಈ ವಯಸ್ಸಿನ ಹುಡುಗರ ಅಧಿಕ ತೂಕ ಶುರುವಾಗುವುದು 18.5ರ ಮೇಲೆ. ಎರಡೇ ಸೆಂಟಿಮೀಟರ್ ತಪ್ಪಿಗೆ ಹುಡುಗ ಗೆರೆ ದಾಟಿಬಿಟ್ಟ! ಆದ್ದರಿಂದ ಶೂ ತೆಗೆಸಿ, ಎತ್ತಿ ಕಟ್ಟಿದ ಜಡೆ ಬಿಚ್ಚಿಸಿ. ಹಿಮ್ಮಡಿ ನೆಲಕ್ಕೂ ಗೋಡೆಗೂ ತಾಗಿರಲಿ, ಮಂಡಿ ನೆಟ್ಟಗಿರಲಿ, ನೋಟ ನೇರವಿರಲಿ. ತಲೆಯ ಮೇಲಿಡುವ ಹಲಗೆ ಓರೆಯಾಗಬಾರದು. ಸಂಜೆಯ ಹೊತ್ತಿಗೆ ಎತ್ತರ ತುಸು ಕುಗ್ಗುವುದರಿಂದ ಪ್ರತಿ ಸಲವೂ ಒಂದೇ ಹೊತ್ತಿನಲ್ಲಿ ಅಳೆಯಿರಿ. ತೂಕದ ಯಂತ್ರ ಗಟ್ಟಿ ನೆಲದ ಮೇಲಿರಲಿ, ಚಾಪೆಯ ಮೇಲೆ ಬೇಡ.

ಸೊಂಟದ ಸುತ್ತಳತೆಯನ್ನೂ ತೆಗೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿದು, ಮಗು ಸಹಜವಾಗಿ ಉಸಿರು ಬಿಟ್ಟಾಗ ಓದಿಕೊಳ್ಳಬೇಕು. ಅದು ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಹೊಟ್ಟೆಯ ಕೊಬ್ಬಿನ ಸುಳಿವು ಬಿಎಂಐಗಿಂತ ಇದರಲ್ಲೇ ಚೆನ್ನಾಗಿ ಸಿಗುತ್ತದೆ.

ಇನ್ನು ಪರೀಕ್ಷೆಗಳು. 20 ಮೀಟರ್ ದೂರದ ಎರಡು ಗೆರೆಗಳ ನಡುವೆ ಹೋಗಿ ಬಂದು ಓಡುವ ಶಟಲ್ ಓಟ ಗಂಟೆಗೆ 8.5 ಕಿ.ಮೀ. ವೇಗದಲ್ಲಿ ಶುರುವಾಗಿ ನಿಮಿಷಕ್ಕೊಮ್ಮೆ 0.5 ಕಿ.ಮೀ. ಏರುತ್ತದೆ; ಒಂದೊಂದು ಏರಿಕೆಯೂ ಒಂದು ಹಂತ. ಮೈಭಾರವನ್ನು ಹೊತ್ತೇ ಓಡಬೇಕು, ಪ್ರತಿ ತಿರುವಿನಲ್ಲೂ ನಿಲ್ಲಿಸಿ ಮತ್ತೆ ಎಳೆಯಬೇಕು. ಹಾಗಾಗಿ ಕೊಬ್ಬು ಹೆಚ್ಚಿರುವ ಮಗು ಬೇಗ ಸೋಲುತ್ತದೆ. ನಿಂತಲ್ಲಿಂದ ಉದ್ದ ಜಿಗಿತಕ್ಕೂ ಇದೇ ಮಾತು. ಮುಷ್ಟಿಬಲ, ಚೆಂಡೆಸೆತಗಳಲ್ಲಿ ಮಾತ್ರ ದೊಡ್ಡ ಮೈಯ ಮಕ್ಕಳು ಮುಂದಿರುತ್ತಾರೆ. ಮುಷ್ಟಿಬಲವನ್ನು ತೂಕದಿಂದ ಭಾಗಿಸಿ ನೋಡಿ: 45 ಕೆಜಿಯ ಮಗು ಮುಷ್ಟಿಬಲ ಅಳೆಯುವ ಉಪಕರಣವನ್ನು 18 ಕೆಜಿ ಬಲದಿಂದ ಹಿಂಡಿದರೆ 0.40, 30 ಕೆಜಿಯ ಮಗು 15 ಹಿಂಡಿದರೆ 0.50. ಆದರೆ ಮೊದಲ ಮಗುವಿನ ಆ 18 ಕೆಜಿಯನ್ನೂ ಮರೆಯಬೇಡಿ. ಓಟದಲ್ಲಿ ಯಾವಾಗಲೂ ಹಿಂದೆ ಬೀಳುವ ಮಗುವಿಗೆ ತನ್ನಲ್ಲೂ ಕಸುವಿದೆ ಎಂದು ತೋರಿಸಿಕೊಡುವ ಅಂಕಿ ಅದು. ಕಾಲು ನೀಡಿ ಕೂತು ಪಾದದತ್ತ ಕೈ ಚಾಚುವ ಪರೀಕ್ಷೆಯಲ್ಲಿ, ಮುಂಡಕ್ಕಿಂತ ಕಾಲು ಉದ್ದವಿರುವ ಮಗುವಿಗೆ ಪಾದ ದೂರವೇ. ಅದನ್ನು ಮೈ ಬಿಗಿತ ಎಂದು ಬರೆಯುವ ಮುನ್ನ ಕಾಲಿನ ಉದ್ದ ಗಮನಿಸಿ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಬೆಳವಣಿಗೆಯ ಹೊತ್ತು. ಹುಡುಗಿಯರು ಸುಮಾರು 12ಕ್ಕೆ, ಹುಡುಗರು 14ರ ಆಸುಪಾಸಿಗೆ ಭರದಿಂದ ಬೆಳೆಯುತ್ತಾರೆ. ಒಂದೇ ತರಗತಿಯ ಇಬ್ಬರಲ್ಲಿ ಒಬ್ಬ ಆ ಘಟ್ಟ ದಾಟಿದ್ದು, ಇನ್ನೊಬ್ಬ ಇನ್ನೂ ತಲುಪದೆ ಇರಬಹುದು. ಪಕ್ಕದವನ ಅಂಕಿಯ ಜೊತೆ ಹೋಲಿಸುವ ಬದಲು, ಆ ಮಗುವಿನದೇ ಆರು ತಿಂಗಳ ಹಿಂದಿನ ಮತ್ತು ಈಗಿನ ಎತ್ತರ, ತೂಕ, ಓಟದ ಹಂತಗಳನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದಿಡಿ.